ಕಾರ್ಕಳದ ಕರಿಕಾಸು

ಇಷ್ಟಕ್ಕೆಲ್ಲ ಕಾರಣ ಮೂರು ಸಾಲು. ಅವನ್ನು ಬರೆದವನು ಕಟಪಾಡಿಯ ಅಕ್ಕಿ ಮಿಲ್ಲಿನಲ್ಲಿ ಮೂಟೆ ತೂಗುವ ಕಜೆಟನ್ ಮಥಾಯಸ್. ಬರೆದದ್ದು ಇನ್ನೂರು ಪುಟದ ಗೆರೆ ಪುಸ್ತಕವೊಂದರ ಮೊದಲ ಪುಟದಲ್ಲಿ, ನೀಲಿ ಶಾಯಿಯಲ್ಲಿ, ಕೆಳಗೆ ಸ್ಕೇಲಿಟ್ಟು ಎರಡು ಗೆರೆ ಎಳೆದು.

"ಹೊಸ ಸದಸ್ಯರು ಸಂಕೋಚಪಡಬಾರದು. ಯಾವ ಪ್ರಶ್ನೆಯೂ ಸಣ್ಣದಲ್ಲ. ಸುಮ್ಮನೆ ನೋಡಿ ಮುಂದೆ ಕಳುಹಿಸದೆ, ತಮ್ಮ ಕೈಯಿಂದ ಆದದ್ದನ್ನು ಬಳಗಕ್ಕಾಗಿ ಮಾಡಬೇಕು."

ಆ ಪುಸ್ತಕ ಉಡುಪಿ–ಕಾರ್ಕಳ ನಾಣ್ಯ ಬಳಗದ್ದು. ಬಳಗ ಎಂದರೆ ಎಲ್ಲರೂ ಒಂದು ಕಡೆ ಸೇರಿ ಚಹಾ ಕುಡಿಯುವ ಬಳಗವಲ್ಲ. ಸದಸ್ಯರಲ್ಲಿ ಹೆಚ್ಚಿನವರು ಒಬ್ಬರ ಮುಖ ಒಬ್ಬರು ನೋಡಿದವರೇ ಅಲ್ಲ. ಈ ಪುಸ್ತಕವೂ ಒಂದು ಬಿಸ್ಕತ್ತಿನ ಡಬ್ಬಿಯೂ ಬಸ್ಸಿನಲ್ಲಿ ಊರಿಂದೂರಿಗೆ ಸುತ್ತುತ್ತಿದ್ದವು. ಡಬ್ಬಿಯಲ್ಲಿ ಯಾರಾದರೊಬ್ಬರ ನಾಣ್ಯ. ಸಿಕ್ಕಿದವರು ನಾಲ್ಕು ದಿನ ಇಟ್ಟುಕೊಂಡು ನೋಡಿ, ಪುಸ್ತಕದಲ್ಲಿ ತಮ್ಮ ಪ್ರಶ್ನೆಯನ್ನೋ ಇನ್ನೊಬ್ಬರ ಪ್ರಶ್ನೆಗೆ ಉತ್ತರವನ್ನೋ ಬರೆದು, ಮತ್ತೆ ಕಂಡಕ್ಟರ್ ಭೋಜನ ಕೈಗೆ ಕೊಡಬೇಕು. ಭೋಜ ಅದನ್ನು ಮುಂದಿನ ಸದಸ್ಯರ ಊರಿನಲ್ಲಿ ಇಳಿಸುತ್ತಿದ್ದ. ಹತ್ತು ವರ್ಷದಿಂದ ನಡೆದುಬಂದ ಕ್ರಮ ಇದು.

ಮೊದಲು ಹನ್ನೊಂದು ಮಂದಿ ಇದ್ದರು. ೧೯೮೧ರ ಹೊತ್ತಿಗೆ ಮೂವರು ಉಳಿದಿದ್ದರು. ಆ ಮೂವರಲ್ಲೂ ಒಬ್ಬರು ಮಸ್ಕತ್ತಿಗೆ ಹೋಗಿ ವರ್ಷವಾಗಿತ್ತು, ಪುಸ್ತಕದಲ್ಲಿ ಹೆಸರು ಮಾತ್ರ ಇತ್ತು. ಉಳಿದ ಇಬ್ಬರೆಂದರೆ ಕಾರ್ಯದರ್ಶಿ ಕಜೆಟನ್ ಮತ್ತು ಅಧ್ಯಕ್ಷರಾದ ಕಾರ್ಕಳದ ನಿವೃತ್ತ ಹೆಡ್‌ಮಾಸ್ಟರು ಸ್ಟ್ಯಾನಿಸ್ಲಾಸ್ ಅರಾನ್ಹಾ.

ಬಳಗ ಸೊರಗಿದ್ದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ಸಂತೆಕಟ್ಟೆಯ ಒಬ್ಬರು ಹೊಸದಾಗಿ ಸೇರಿ, ತಾಮ್ರಕ್ಕೂ ಕಂಚಿಗೂ ವ್ಯತ್ಯಾಸ ಹೇಗೆ ತಿಳಿಯುವುದು ಎಂದು ವಿನಯದಿಂದ ಬರೆದಿದ್ದರು. ಮಾಸ್ಟ್ರು ಅದರ ಕೆಳಗೆ ಕೆಂಪು ಶಾಯಿಯಲ್ಲಿ, "ಇದಕ್ಕೆ ಉತ್ತರ ಪುಟ ಹದಿನಾಲ್ಕರಲ್ಲಿ ಉಂಟು. ಓದಲು ಸೋಮಾರಿತನ ಇರುವವರು ನಾಣ್ಯ ಯಾಕೆ ಕೂಡಿಡಬೇಕು?" ಎಂದು ಬರೆದರು. ಮಾಸ್ಟ್ರು ಹೇಳಿದ ಆ ಪುಟ ಹದಿನಾಲ್ಕು ಇದ್ದದ್ದು ಹಿಂದಿನ ಪುಸ್ತಕದಲ್ಲಿ. ಆ ಪುಸ್ತಕವನ್ನು ಗೆದ್ದಲು ತಿಂದು ಆರು ವರ್ಷವಾಗಿತ್ತು. ಸಂತೆಕಟ್ಟೆಯವರು ಮತ್ತೆ ಬರೆಯಲಿಲ್ಲ. ಆಮೇಲೆ ಈಗಿನ ಪುಸ್ತಕ ಶುರುವಾದಾಗ ಕಜೆಟನ್ ಹೆದರಿ ಹದಿನಾಲ್ಕನೆಯ ಪುಟವನ್ನು ಖಾಲಿ ಬಿಟ್ಟ. ಅಲ್ಲಿ ಏನು ಬರೆದರೂ ಮಾಸ್ಟ್ರ ಮಟ್ಟಕ್ಕೆ ಬರಲಾರದು ಎಂಬ ಭಯ.

ಕಜೆಟನನಿಗೆ ಈ ಬಳಗ ಯಾಕೆ ಬೇಕಿತ್ತು ಎಂದು ಕೇಳಿದರೆ ಸ್ವಲ್ಪ ಬೇಸರದಿಂದಲೇ ಹೇಳಬೇಕು. ಮಿಲ್ಲಿನಲ್ಲಿ ಅವನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ತೂಕವನ್ನೂ ಕೇಳುತ್ತಿರಲಿಲ್ಲ, ಮುಳ್ಳು ನೋಡಿ ತಾವೇ ಓದಿಕೊಳ್ಳುತ್ತಿದ್ದರು. ಮನೆಯಲ್ಲಿ ಹೆಂಡತಿ ಜೆರ್ಟ್ರೂಡ್ ಕೇಳುತ್ತಿದ್ದುದು ಮೀನು ತಂದಿರಾ ಎಂಬ ಒಂದೇ ಪ್ರಶ್ನೆ. ಆದರೆ ಪುಸ್ತಕದಲ್ಲಿ ಅವನು ಕಾರ್ಯದರ್ಶಿ. ಆಮೇಲೆ ಹೊಸದಾಗಿ ಸೇರಿದ ಮಣಿಪಾಲದ ಪ್ರಫುಲ್ಲಾ ಎಂಬಾಕೆ, "ಈ ವಿಷಯದಲ್ಲಿ ಕಜೆಟನರ ಅಭಿಪ್ರಾಯವೇನು?" ಎಂದು ಬರೆದ ದಿನ ಅವನು ಆ ಪುಟವನ್ನು ಜೆರ್ಟ್ರೂಡಳಿಗೆ ಎರಡು ಸಲ ಓದಿ ಹೇಳಿದ್ದ. ಲೋಕದಲ್ಲಿ ಅವನ ಅಭಿಪ್ರಾಯ ಕೇಳುವ ಜಾಗ ಅದೊಂದೇ. ಅದು ಹೋದರೆ ಉಳಿಯುವುದು ತಕ್ಕಡಿ ಮಾತ್ರ.

ಆಗಸ್ಟಿನಲ್ಲಿ ಮಾಸ್ಟ್ರು ಕೆಂಪು ಶಾಯಿಯಲ್ಲಿ ಬರೆದರು: "ನವೆಂಬರಿನ ಕೊನೆಯ ಶನಿವಾರದೊಳಗೆ ಮೂವರು ಹೊಸಬರು ಸೇರದಿದ್ದರೆ ಪುಸ್ತಕ ಮುಚ್ಚುವುದು."

ಆಗಲೇ ಕಜೆಟನ್ ಆ ಮೂರು ಸಾಲು ಬರೆದದ್ದು. ಬರೆದು, ಊರೂರು ತಿರುಗಿ ಹೊಸಬರನ್ನು ಹುಡುಕಿದ. ಒಬ್ಬಾಕೆ ಪ್ರಫುಲ್ಲಾ, ಮಣಿಪಾಲದ ಒಂದು ಕಾಲೇಜಿನ ಪ್ರಯೋಗಶಾಲೆಯಲ್ಲಿ ಗಾಜಿನ ಸಾಮಾನು ಜೋಡಿಸುವವಳು. ಇನ್ನೊಬ್ಬ ಕಂಡಕ್ಟರ್ ಭೋಜ. ಹತ್ತು ವರ್ಷ ಡಬ್ಬಿ ಹೊತ್ತರೂ ತಾನಿನ್ನೂ ಸದಸ್ಯನಲ್ಲ ಎಂದು ತಿಳಿದು ಅವನಿಗೇ ಆಶ್ಚರ್ಯವಾಯಿತು. ಮೂರನೆಯವಳು ಕಾಪುವಿನಲ್ಲಿ ಹೊಲಿಗೆ ಕಲಿಸುವ ಗುಣವತಿಯಕ್ಕ. ಆಕೆ ತನ್ನ ಪರಿಚಯವನ್ನು ಹೀಗೆ ಬರೆದಿದ್ದಳು: "ನನಗೆ ನಾಣ್ಯದ ವಿಷಯ ಏನೂ ಗೊತ್ತಿಲ್ಲ. ಆದರೆ ನಮ್ಮ ಮನೆಗೆ ಬಂದ ಯಾವ ಪಾತ್ರೆಯೂ ಬೆಳಗದೆ ಹಿಂದೆ ಹೋದದ್ದಿಲ್ಲ."

ಕಜೆಟನ್ ಅದರ ಕೆಳಗೆ "ತುಂಬಾ ಸಂತೋಷ" ಎಂದು ಬರೆದ. ಸರಿಯಾಗಿ ಓದಿ ಬರೆದನೋ ಇಲ್ಲವೋ ದೇವರಿಗೇ ಗೊತ್ತು.

ಮಾಸ್ಟ್ರು ಮಾತ್ರ ಓದಿದ್ದರು. ಮುಂದಿನ ಸುತ್ತಿನಲ್ಲಿ ಅವರು ಯಾರೂ ಎಣಿಸದ ಕೆಲಸ ಮಾಡಿದರು. ತಮ್ಮ ಕರಿಕಾಸನ್ನು ಡಬ್ಬಿಯಲ್ಲಿಟ್ಟು ಕಳುಹಿಸಿದರು. ಅವರ ಅಜ್ಜ ಬಾವಿ ತೋಡಿಸುವಾಗ ಸಿಕ್ಕಿದ್ದು ಆ ಕಾಸು. ಮೇಲೆ ದಪ್ಪಕ್ಕೆ ಕಪ್ಪು ಕಟ್ಟಿತ್ತು. ಕಾರ್ಕಳದ ಅರಸರ ಕಾಲದ್ದು ಎಂದು ಮಾಸ್ಟ್ರು ಎರಡು ಶಾಲೆಗಳಲ್ಲಿ ಭಾಷಣ ಮಾಡಿದ್ದರು. ಅದನ್ನು ದೂರದಿಂದ ತೋರಿಸುತ್ತಿದ್ದರೇ ಹೊರತು ಯಾರ ಕೈಗೂ ಕೊಟ್ಟವರಲ್ಲ. ಈಗ ಪುಸ್ತಕದಲ್ಲಿ ಬರೆದಿದ್ದರು: "ಇದು ಮೊದಲು ಕಾಪುವಿನ ಮನೆಗೆ ಹೋಗಲಿ. ಇದರಲ್ಲಿ ಏನಾದರೂ ವ್ಯತ್ಯಾಸ ಕಂಡರೆ ಮುಚ್ಚಿಡದೆ ನನಗೆ ತಿಳಿಸತಕ್ಕದ್ದು."

ಆ ಕೆಂಪು ಅಕ್ಷರ ನೋಡಿ ಕಜೆಟನ್ ಮೂರು ರಾತ್ರಿ ನಿದ್ದೆ ಮಾಡಲಿಲ್ಲ.

ಕೊನೆಯ ಶನಿವಾರ ಬಂತು. ಸಂಜೆ ನಾಲ್ಕಕ್ಕೆ ಬನ್ನಂಜೆಯ ಒಂದು ಸಸ್ಯಾಹಾರಿ ಹೋಟೆಲಿನ ಮಹಡಿಯಲ್ಲಿ ಹೊಸಬರ ಕೂಟ, ಬಳಗದ ಚರಿತ್ರೆಯಲ್ಲೇ ಮೊದಲನೆಯದು. ಕಜೆಟನ್ ಮಿಲ್ಲಿಗೆ ರಜೆ ಹಾಕಿ, ಡಬ್ಬಿಯನ್ನು ತಾನೇ ಜೋಪಾನವಾಗಿ ತರಬೇಕೆಂದು ಬೆಳಿಗ್ಗೆ ಎಂಟೂವರೆಗೆ ಕಾಪುವಿನಲ್ಲಿ ಗುಣವತಿಯಕ್ಕನ ಅಂಗಳದಲ್ಲಿ ನಿಂತಿದ್ದ.

"ಬನ್ನಿ ಪೊರ್ಬುಗಳೆ, ಕೂತುಕೊಳ್ಳಿ," ಎಂದಳು ಗುಣವತಿಯಕ್ಕ. ಊರವರು ಕ್ರಿಶ್ಚಿಯನ್ನರನ್ನು ಮರ್ಯಾದೆಯಿಂದ ಕರೆಯುವುದೇ ಹಾಗೆ. ಅವಳು ಸೆರಗಿನಿಂದ ಒರೆಸಿ ಡಬ್ಬಿ ತಂದು ಮುಂದಿಟ್ಟಳು. ಡಬ್ಬಿ ಭಾರವಾಗಿತ್ತು.

ಮುಚ್ಚಳ ತೆಗೆದರೆ ಒಳಗೆ ಚಕ್ಕುಲಿ.

"ಇದೆಂತ?"

"ಬೇರೆಯವರ ಡಬ್ಬಿ ಖಾಲಿ ಕಳಿಸಲಿಕ್ಕೆ ಆಗ್ತದಾ? ಕಾಸು ಅಡಿಯಲ್ಲಿ ಉಂಟು, ನೋಡಿ."

ಕಜೆಟನ್ ಚಕ್ಕುಲಿ ಸರಿಸಿದ. ಅಡಿಯಲ್ಲಿ ಬಾಳೆಲೆಯ ತುಂಡಿನ ಮೇಲೆ, ಪೂಜೆಯ ದಿನ ಬೆಳಗಿಟ್ಟ ದೀಪದ ಹಾಗೆ ಏನೋ ಫಳಫಳ ಹೊಳೆಯುತ್ತಿತ್ತು. ಅವನು ಒಂದು ಕ್ಷಣ ಮಾತ್ರ ನೋಡಿದ. ಆಮೇಲೆ ಸತ್ತವರ ಮುಖ ನೋಡಲಾರದವನಂತೆ ಕಣ್ಣು ಮುಚ್ಚಿದ.

"ಅಯ್ಯೋ ಸಾಯ್ಬಾ," ಎಂದ. ಕೊಂಕಣಿಯಲ್ಲಿ ದೇವರನ್ನು ಕರೆದದ್ದು.

"ಚೆಂದ ಆಗಿದೆ ಅಲ್ವಾ?" ಗುಣವತಿಯಕ್ಕನಿಗೆ ಹೆಮ್ಮೆ. "ಎಷ್ಟು ವರ್ಷದ ಕಿಲುಬು ಮಾರಾಯ್ರೆ! ಮೂರು ದಿನ ಬಿಂಬುಳಿ ಕಾಯಿಯ ಹುಳಿ ರಸದಲ್ಲಿ ಹಾಕಿಟ್ಟೆ. ಮತ್ತೆ ಬೂದಿ, ತೆಂಗಿನ ನಾರು. ಮಾಸ್ಟ್ರ ಮನೆಯಲ್ಲಿ ಹೆಂಗಸರು ಇಲ್ಲವಾ ಅಂತ ನನಗೆ ಅನಿಸಿತು, ನಿಜ ಹೇಳ್ತೇನೆ."

"ಗುಣವತಿಯಕ್ಕ, ಆ ಕಪ್ಪೇ ಅದರ ಜೀವ! ಹಳೆ ನಾಣ್ಯವನ್ನು ತೊಳೆಯಲಿಕ್ಕೆ ಇಲ್ಲ!"

"ಅದನ್ನು ಯಾರು ಹೇಳಿದರು ನನಗೆ? ಕೈಯಿಂದ ಆದದ್ದು ಮಾಡಿ ಅಂತ ನೀವೇ ಬರೆದದ್ದು."

ಕಜೆಟನ್ ಜಗಲಿಯಲ್ಲಿ ಕುಸಿದು ಕೂತ. ಹತ್ತು ವರ್ಷದ ಪುಸ್ತಕ, ಕಾರ್ಯದರ್ಶಿ ಎಂಬ ಪದವಿ, ಮಣಿಪಾಲದಿಂದ ಬಂದ ಆ ಒಂದು ಪ್ರಶ್ನೆ, ಎಲ್ಲವೂ ಬಿಂಬುಳಿಯ ರಸದಲ್ಲಿ ಕರಗಿಹೋದವು ಅನ್ನಿಸಿತು. ಅವನ ಮುಖ ನೋಡಿ ಗುಣವತಿಯಕ್ಕನಿಗೂ ಮರುಕ ಬಂತು. ನೀರು ತಂದುಕೊಟ್ಟಳು.

"ಪೊರ್ಬುಗಳೆ, ನನಗೆ ಒಂದು ಪ್ರಶ್ನೆ ಇತ್ತು. ಆ ಕಾಸಿನಲ್ಲಿ..."

"ಈಗ ಪ್ರಶ್ನೆ ಬೇಡ ಅಕ್ಕ. ನಿಮ್ಮ ಮನೆಯಲ್ಲಿ ಮೊಟ್ಟೆ ಉಂಟಾ?"

ಕಜೆಟನನಿಗೆ ತಟ್ಟನೆ ನೆನಪಾದದ್ದು ಜೆರ್ಟ್ರೂಡಳ ಬೈಗುಳ. ಮದುವೆಗೆ ಬಂದ ಬೆಳ್ಳಿ ಚಮಚದಲ್ಲಿ ಒಮ್ಮೆ ಬೇಯಿಸಿದ ಮೊಟ್ಟೆ ತಿಂದಿದ್ದ. ಚಮಚ ಕಪ್ಪಾಯಿತೆಂದು ಬೈದು ಅವಳು ಒಂದು ವಾರ ಮಾತು ಬಿಟ್ಟಿದ್ದಳು. ಬೆಳ್ಳಿ ಕಪ್ಪಾಗುವುದಾದರೆ ತಾಮ್ರ ಆಗದೇ?

ಕಾಲು ಗಂಟೆಯಲ್ಲಿ ಆರು ಮೊಟ್ಟೆ ಬೆಂದವು. ಬಿಸಿಬಿಸಿಯಾಗಿಯೇ ಕಿವುಚಿ ಡಬ್ಬಿಗೆ ತುಂಬಿದರು. ಕಜೆಟನ್ ಕಾಸನ್ನು ಕರವಸ್ತ್ರದಲ್ಲಿ ಹಿಡಿದು, ನೋಡದೆಯೇ ನಡುವೆ ಹೂತು, ಮುಚ್ಚಳ ಬಿಗಿದು, ಮೇಲೆ ತನ್ನ ಹೆಗಲ ಮೇಲಿದ್ದ ಬೈರಾಸು ಸುತ್ತಿ ಗಂಟು ಹಾಕಿದ. ಅಷ್ಟರಲ್ಲಿ ರಸ್ತೆಯಲ್ಲಿ ಭೋಜನ ಬಸ್ಸಿನ ಹಾರನ್ ಕೇಳಿಸಿತು.

"ಪುಸ್ತಕ ನೀವೇ ಸಂಜೆ ತನ್ನಿ. ಈ ವಿಷಯ ಯಾರಲ್ಲೂ ಬಾಯಿ ಬಿಡಬೇಡಿ, ಕೈ ಮುಗೀತೇನೆ."

"ಬಿಡುವುದಿಲ್ಲ. ಆದರೆ ಪುಸ್ತಕದಲ್ಲಿ ನಾನು..."

ಕಜೆಟನ್ ಆಗಲೇ ಗೇಟು ದಾಟಿದ್ದ.

ಕಂಡಕ್ಟರನ ಹತ್ತಿರ ಗುಟ್ಟು ಉಳಿಯುವುದು ಕಷ್ಟ, ಅದರಲ್ಲೂ ಬೈರಾಸಿನಿಂದ ಹಬೆ ಬರುತ್ತಿರುವಾಗ. ಕಟಪಾಡಿ ತಲುಪುವುದರೊಳಗೆ ಭೋಜನಿಗೆ ಎಲ್ಲವೂ ಗೊತ್ತಾಗಿತ್ತು. ಅವನು ಗಂಭೀರವಾಗಿ ಯೋಚಿಸಿದ.

"ಕಜೆಟನಣ್ಣ, ನಾನು ಸಹ ಈಗ ಸದಸ್ಯ. ನನ್ನಿಂದ ಆದದ್ದು ನಾನು ಮಾಡಬೇಕು. ಬಿಸಿ ಆರಿದರೆ ಅದು ಕಪ್ಪಾಗುವುದಿಲ್ಲ. ಇಂಜಿನಿನ ಬಾನೆಟ್ಟಿನ ಮೇಲೆ ಇಡುವ. ಕಾರ್ಕಳಕ್ಕೆ ಹೋಗಿ ಬರುವಷ್ಟರಲ್ಲಿ ಸುಟ್ಟ ಕೊಬ್ಬರಿ ಹಾಗೆ ಆಗ್ತದೆ."

"ಅಷ್ಟು ಹೊತ್ತು ನಾನು ಬಸ್ಸಿನಲ್ಲಿ ಕೂರಬೇಕಾ?"

"ಕೂರಿ. ಕಾಯಲು ಒಬ್ಬರು ಬೇಡವಾ?"

ಬಾನೆಟ್ಟು ಡ್ರೈವರನ ಪಕ್ಕದಲ್ಲಿ ಕಾದ ಕಾವಲಿಯಂತಿತ್ತು. ಡಬ್ಬಿ ಅದರ ಮೇಲೆ ಕೂತಿತು, ಕಜೆಟನ್ ಡಬ್ಬಿಯ ಪಕ್ಕ ಕೂತ. ಉಡುಪಿ ತಲುಪುವ ಹೊತ್ತಿಗೆ ವಾಸನೆ ಎದ್ದಿತು. ಮೊದಲು ಮುಂದಿನ ಸೀಟಿನವರು ಒಬ್ಬರನ್ನೊಬ್ಬರು ನೋಡಿಕೊಂಡರು. ಆಮೇಲೆ ಎಲ್ಲರೂ ಸೇರಿ ಕಜೆಟನನನ್ನು ನೋಡಿದರು. ಒಬ್ಬ ಅಜ್ಜಿ ತನ್ನ ಚೀಲದಿಂದ ಓಮ ತೆಗೆದು ಅವನ ಅಂಗೈಗೆ ಹಾಕಿ, "ಬೆಳಿಗ್ಗೆ ಬೆಳಿಗ್ಗೆ ಹಸಿ ಹೊಟ್ಟೆಯಲ್ಲಿ ಹೊರಡಬಾರದು ಮಗಾ," ಎಂದಳು. ಕಜೆಟನ್ ತಲೆ ತಗ್ಗಿಸಿ ಓಮ ಜಗಿದ. ಬೇರೆ ದಾರಿ ಇರಲಿಲ್ಲ.

ಮಣಿಪಾಲದಲ್ಲಿ ಬಸ್ಸು ಹತ್ತು ನಿಮಿಷ ನಿಲ್ಲುತ್ತಿತ್ತು. ಭೋಜ ಇಳಿದು ಓಡಿ, ಪ್ರಫುಲ್ಲಾಳನ್ನು ಕಾಲೇಜಿನಿಂದ ಕರೆದುಕೊಂಡೇ ಬಂದ. ಅವಳ ಕೈಯಲ್ಲಿ ಕಾಗದದ ಪೊಟ್ಟಣ.

"ಗಂಧಕದ ಪುಡಿ ಸರ್. ಮೊಟ್ಟೆಗೆ ಇದು ಸೇರಿದರೆ ಬೇಗ ಕಪ್ಪಾಗ್ತದೆ. ಮೊದಲ ಪುಟದಲ್ಲಿ ನೀವು ಬರೆದದ್ದು ಓದಿದಾಗಿನಿಂದ ಬಳಗಕ್ಕೆ ಏನಾದರೂ ಮಾಡಬೇಕು ಅಂತ ಇತ್ತು." ಅವಳು ಕಿಟಕಿಯಿಂದ ಕೈ ಚಾಚಿದಳು. "ಕಾಸು ಒಮ್ಮೆ ತೋರಿಸ್ತೀರಾ? ತೊಳೆದ ಮೇಲೆ ಮೇಲಿನ ಗುರುತು ಎಂತ ಕಾಣ್ತದೆ ಅಂತ ನೋಡಬಹುದಿತ್ತು."

"ಈಗ ನೋಡುವ ಹೊತ್ತಲ್ಲಮ್ಮ," ಎಂದು ಕಜೆಟನ್ ಪೊಟ್ಟಣ ಕಸಿದುಕೊಂಡ. ಮುಚ್ಚಳ ಎತ್ತಿ, ಮುಖ ಆಚೆ ತಿರುಗಿಸಿ ಪುಡಿ ಸುರಿದ. ಡ್ರೈವರ್ ಏನೋ ಬೈದ, ಅದನ್ನು ಬರೆಯುವುದು ಬೇಡ.

ಹಿರಿಯಡ್ಕ ದಾಟುವಾಗ ಮುಂದಿನ ನಾಲ್ಕು ಸೀಟು ಖಾಲಿಯಾಗಿತ್ತು. ಕಾರ್ಕಳದಲ್ಲಿ ಬಸ್ಸು ಊಟಕ್ಕೆ ನಿಂತಿತು. ಕಜೆಟನನಿಗೆ ಊಟ ಸೇರಲಿಲ್ಲ. ಎರಡೂಕಾಲು ಗಂಟೆಗೆ ಬಸ್ಸು ಹೊರಡಬೇಕು ಎನ್ನುವಾಗ, ಬಾಗಿಲಲ್ಲಿ ಒಂದು ಕೊಡೆ ಕಾಣಿಸಿತು. ಕೊಡೆಯ ಹಿಂದೆ ಬಿಳಿ ಪ್ಯಾಂಟು, ಮುಚ್ಚಿದ ಕಾಲರು, ದಪ್ಪ ಕನ್ನಡಕ. ಸ್ಟ್ಯಾನಿಸ್ಲಾಸ್ ಮಾಸ್ಟ್ರು ಕೂಟಕ್ಕೆ ಹೊರಟಿದ್ದರು. ಕಾರ್ಕಳದಿಂದ ಉಡುಪಿಗೆ ಆ ಹೊತ್ತಿಗೆ ಸರಿಯಾದ ಬಸ್ಸು ಅದೇ ಎಂಬ ಸಾದಾ ಸಂಗತಿ ಬೆಳಿಗ್ಗೆಯಿಂದ ಯಾರಿಗೂ ಹೊಳೆದಿರಲಿಲ್ಲ.

ಮಾಸ್ಟ್ರಿಗೆ ಮುಂದಿನ ಸೀಟೇ ಆಗಬೇಕು, ಕಾಲು ನೋವು. ಬಸ್ಸಿನಲ್ಲಿ ಖಾಲಿ ಇದ್ದದ್ದೂ ಮುಂದಿನ ಸೀಟೇ.

"ಕಜೆಟನ್! ನೀನೆಂತ ಇಲ್ಲಿ?"

"ನಿಮ್ಮನ್ನು ಕರಕೊಂಡು ಹೋಗಲಿಕ್ಕೆ ಬಂದೆ ಮಾಸ್ಟ್ರೆ."

ಮಾಸ್ಟ್ರು ಅವನನ್ನು ನೋಡಿದರು. ಹತ್ತು ವರ್ಷದಲ್ಲಿ ಮೊದಲ ಸಲ ಅವರ ಮುಖ ಮೆತ್ತಗಾಯಿತು. "ಅಷ್ಟು ದೂರದಿಂದ ಬಂದೆಯಾ? ದೇವರು ನಿನಗೆ ಒಳ್ಳೆಯದು ಮಾಡಲಿ." ಕಜೆಟನನಿಗೆ ಆ ಕ್ಷಣ ಬಸ್ಸಿನಿಂದ ಹಾರಿಬಿಡಬೇಕು ಅನ್ನಿಸಿತು. ಸುಳ್ಳು ಹೇಳಿ ಬೈಸಿಕೊಂಡರೆ ತಡೆದುಕೊಳ್ಳಬಹುದು, ಆಶೀರ್ವಾದ ಪಡೆದರೆ ತುಂಬಾ ಕಷ್ಟ.

ಬಸ್ಸು ಹೊರಟಿತು. ಬಾನೆಟ್ಟಿನ ಮೇಲಿನ ಗಂಟು ಮಾಸ್ಟ್ರ ಮೊಣಕಾಲಿನಿಂದ ಒಂದು ಗೇಣು ದೂರದಲ್ಲಿ ಗಡಗಡ ನಡುಗುತ್ತಿತ್ತು. ಮಾಸ್ಟ್ರು ಮೂಗು ಎತ್ತಿದರು.

"ಭೋಜ, ಇದೆಂತ ವಾಸನೆ?"

"ಇಂಜಿನ್ ಬಿಸಿ ಆಗಿದೆ ಮಾಸ್ಟ್ರೆ. ಹಳೇ ಬಸ್ಸು."

ಮಾಸ್ಟ್ರು ಕಣ್ಣು ಮುಚ್ಚಿ, ಎಂದೋ ಕೇಳಿದ ಹಾಡನ್ನು ನೆನಪಿಸಿಕೊಳ್ಳುವವರಂತೆ ನಿಧಾನವಾಗಿ ಉಸಿರು ಎಳೆದುಕೊಂಡರು.

ಉಡುಪಿ ಬಸ್‌ಸ್ಟ್ಯಾಂಡಿನಲ್ಲಿ ಭೋಜ ಮಾಸ್ಟ್ರನ್ನು ಕೈಹಿಡಿದು ಇಳಿಸುವಷ್ಟರಲ್ಲಿ ಕಜೆಟನ್ ಗಂಟು ಹಿಡಿದು ಬಸ್ಸಿನ ಹಿಂಬದಿಗೆ ಓಡಿದ. ಮೊಟ್ಟೆಯನ್ನೆಲ್ಲ ಚರಂಡಿಗೆ ಚೆಲ್ಲಿ, ಕಾಸನ್ನು ಕರವಸ್ತ್ರದಲ್ಲಿ ಒರೆಸಿದ. ಈ ಸಲ ಧೈರ್ಯ ಮಾಡಿ ನೋಡಿದ. ಕಾಸು ಕಪ್ಪಾಗಿತ್ತು. ದಪ್ಪ ಕಪ್ಪು, ಮೊದಲಿಗಿಂತ ಒಂದು ಕೈ ಹೆಚ್ಚೇ. ಅವನ ಕಣ್ಣು ಒದ್ದೆಯಾಯಿತು. ಅಲ್ಲೇ ನಿಂತು ಶಿಲುಬೆಯ ಗುರುತು ಮಾಡಿ, ಕಾಸನ್ನು ಡಬ್ಬಿಯಲ್ಲಿ ಮಲಗಿಸಿದ.

ನಾಲ್ಕು ಗಂಟೆಗೆ ಹೋಟೆಲಿನ ಮಹಡಿಯ ಕೋಣೆಯಲ್ಲಿ ಐದು ಕುರ್ಚಿ. ಮಾಸ್ಟ್ರು, ಕಜೆಟನ್, ಭೋಜ, ಪ್ರಫುಲ್ಲಾ, ಮತ್ತು ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡ ಗುಣವತಿಯಕ್ಕ. ಅವಳ ಪಕ್ಕ ಒಂದು ಚೀಲ ಬಿಂಬುಳಿ, ಮಾಸ್ಟ್ರ ಮನೆಗೆಂದು ತಂದದ್ದು. ಬೆಳಗಿನ ಚಕ್ಕುಲಿ ತಟ್ಟೆಯಲ್ಲಿತ್ತು. ಚಹಾ ತಂದ ಹೋಟೆಲಿನ ಯಜಮಾನರು ಡಬ್ಬಿಯ ಹತ್ತಿರ ಬಂದು ಮೂಗಿಗೆ ಶಾಲು ಹಿಡಿದು, "ಇಲ್ಲಿ ಅದನ್ನೆಲ್ಲ ತರಲಿಕ್ಕಿಲ್ಲ," ಎಂದು ಯಾರನ್ನೂ ನೋಡದೆ ಹೇಳಿ ಕೆಳಗೆ ಹೋದರು.

ಮಾಸ್ಟ್ರು ಡಬ್ಬಿ ತೆರೆದರು. ಕಾಸನ್ನು ಬೆಳಕಿಗೆ ಹಿಡಿದರು. ಕಜೆಟನ್ ಅವರ ಮುಖವನ್ನೇ ನೋಡುತ್ತಿದ್ದ, ಸಂತೋಷ ಕಾಣಿಸುತ್ತದೆ ಎಂದು. ಕಾಣಿಸಿದ್ದು ಬೇರೆ. ಮುದುಕರ ಭುಜ ಇಳಿಯಿತು.

"ಹಾಗಾದರೆ ಇದರಲ್ಲಿ ಯಾವ ವ್ಯತ್ಯಾಸವೂ ಯಾರಿಗೂ ಕಾಣಲಿಲ್ಲ?"

"ಇಲ್ಲ ಮಾಸ್ಟ್ರೆ," ಎಂದ ಕಜೆಟನ್, ಎಲ್ಲರಿಗಿಂತ ಮೊದಲು. "ಕೊಟ್ಟ ಹಾಗೇ ಉಂಟು."

"ಸರಿ. ಪುಸ್ತಕ ಇಲ್ಲಿ ಕೊಡಿ. ಮುಚ್ಚಿಬಿಡುವ."

"ಮಾಸ್ಟ್ರೆ!" ಕಜೆಟನ್ ಎದ್ದು ನಿಂತ. "ಮೂರು ಮಂದಿ ಹೊಸಬರು ಸೇರಿದ್ದಾರೆ! ಕಾಸಿಗೆ ಒಂದು ಗೀರು ಬೀಳಲಿಲ್ಲ! ಮತ್ತೆ ಯಾಕೆ?"

ಮಾಸ್ಟ್ರು ಕೆಂಪು ಪೆನ್ನು ತೆಗೆದು, ಕೊನೆಯ ಸಾಲು ಬರೆಯಲು ಖಾಲಿ ಪುಟ ಹುಡುಕಿದರು. ಖಾಲಿ ಪುಟ ಹದಿನಾಲ್ಕನೆಯದು ಎಂದು ಅವರಿಗೂ ಗೊತ್ತಿತ್ತು. ಆದರೆ ಆ ಪುಟ ಖಾಲಿ ಇರಲಿಲ್ಲ. ಅದರ ತುಂಬ ಗುಣವತಿಯಕ್ಕನ ಗುಂಡು ಅಕ್ಷರ.

ಮಾಸ್ಟ್ರು ಕನ್ನಡಕ ಸರಿಮಾಡಿ ಗಟ್ಟಿಯಾಗಿ ಓದಿದರು. "ಬಿಂಬುಳಿಯಿಂದ ತಾಮ್ರ ಬೆಳಗಿಸುವ ಕ್ರಮ. ಇಪ್ಪತ್ತು ಬಿಂಬುಳಿ ಜಜ್ಜಿ..." ಅರ್ಧ ಪುಟ ಹಾಗೆಯೇ ಸಾಗಿತು. ಎದ್ದು ನಿಂತಿದ್ದ ಕಜೆಟನ್ ಕೂತುಬಿಟ್ಟ. ಮಾಸ್ಟ್ರು ಕೆಳಗಿನ ಭಾಗಕ್ಕೆ ಬಂದರು. "ನನ್ನ ಪ್ರಶ್ನೆ. ಬೆಳಗಿದ ಮೇಲೆ ಕಾಸಿನಲ್ಲಿ ಕಿರೀಟ ಇಟ್ಟ ಒಂದು ಗಡ್ಡದ ತಲೆ ಕಂಡಿತು. ಹಿಂದುಗಡೆ ಇಂಗ್ಲಿಷಿನಲ್ಲಿ ೧೯೧೯ ಅಂತ ಉಂಟು. ಕಾರ್ಕಳದ ಅರಸರಿಗೆ ಇಂಗ್ಲಿಷ್ ಬರುತ್ತಿತ್ತಾ?"

ಕೆಳಗೆ ಹೋಟೆಲಿನಲ್ಲಿ ಲೋಟ ತೊಳೆಯುವ ಸದ್ದು ಕೇಳುತ್ತಿತ್ತು.

ಮಾಸ್ಟ್ರು ಕಾಸನ್ನು ಮತ್ತೆ ಎತ್ತಿ ಮೂಗಿನ ಹತ್ತಿರ ಹಿಡಿದರು.

"ಮೊಟ್ಟೆಯಾ?"

"ಹೌದು ಮಾಸ್ಟ್ರೆ," ಎಂದ ಕಜೆಟನ್.

"ಎಷ್ಟು?"

"ಆರು. ಮತ್ತೆ ಗಂಧಕ."

"ಗಂಧಕ ನನಗೆ ಹೊಳೆದಿರಲಿಲ್ಲ," ಎಂದರು ಮಾಸ್ಟ್ರು. "ನಾನು ಬರೀ ಮೊಟ್ಟೆಯಲ್ಲಿ ಎರಡು ದಿನ ಇಟ್ಟಿದ್ದೆ. ಮತ್ತೆ ಹಂಡೆಯ ಮಸಿ ಬಳಿದೆ. ಬಸ್ಸಿನಲ್ಲೇ ನನಗೆ ಈ ವಾಸನೆ ನೆನಪಾಯಿತು."

ಆಮೇಲೆ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಹೇಳಿದ್ದು ಇಷ್ಟು. ಹದಿನೆಂಟು ವರ್ಷದ ಹಿಂದೆ, ಅರಸನ ಗುರುತು ಕಾಣಬಹುದೆಂಬ ಆಸೆಯಿಂದ ಅವರೇ ಒಮ್ಮೆ ಆ ಕಾಸನ್ನು ಉಜ್ಜಿದ್ದರು. ಕಂಡದ್ದು ಬ್ರಿಟಿಷ್ ದೊರೆಯ ತಲೆ, ಸಂತೆಯಲ್ಲಿ ಎಲೆಯಡಿಕೆಗೆ ಕೊಡುತ್ತಿದ್ದ ಬರೀ ಕಾಲಾಣೆ. ಬಾವಿ ತೋಡುವವರಲ್ಲಿ ಯಾರದೋ ಸೊಂಟದಿಂದ ಬಿದ್ದದ್ದಿರಬೇಕು. ಅಷ್ಟರಲ್ಲಿ ಒಂದು ಶಾಲೆಯಲ್ಲಿ ಭಾಷಣ ಆಗಿಹೋಗಿತ್ತು. ಇನ್ನೊಂದು ಶಾಲೆಯಲ್ಲಿ ನಿಗದಿಯಾಗಿತ್ತು.

"ಮತ್ತೆ ಕಪ್ಪು ಮಾಡಿಟ್ಟೆ. ಯಾರಾದರೂ ಪ್ರಶ್ನೆ ಕೇಳಿದರೆ ನನಗೆ ಹೆದರಿಕೆ. ಅದಕ್ಕೇ ಕೇಳಿದವರನ್ನೆಲ್ಲ ಓಡಿಸಿದೆ." ಮುದುಕರು ಕಾಸನ್ನು ಮೇಜಿನ ಮೇಲಿಟ್ಟರು. "ನನ್ನ ಬಾಯಿಂದ ಹೇಳಲು ಧೈರ್ಯ ಬರಲಿಲ್ಲ. ಈ ಹೆಂಗಸು ಬರೆದದ್ದು ಓದಿದಾಗ, ಇವರು ಖಂಡಿತ ಬೆಳಗ್ತಾರೆ, ಕೇಳ್ತಾರೆ, ಆಗ ಒಪ್ಪಿಕೊಂಡುಬಿಡುವ ಅಂದುಕೊಂಡೆ. ಮುಚ್ಚಿಡದೆ ತಿಳಿಸಿ ಅಂತ ಬರೆದೆ. ಇವತ್ತು ಡಬ್ಬಿ ತೆರೆದರೆ ಕಾಸು ಕಪ್ಪಾಗಿಯೇ ಉಂಟು. ಕೇಳುವವರು ಯಾರೂ ಇಲ್ಲದ ಬಳಗ ಯಾಕೆ ಬೇಕು ಅನಿಸಿತು."

"ನಾನು ಬೆಳಿಗ್ಗೆಯಿಂದ ಕೇಳ್ತಾ ಇದ್ದೇನೆ ಮಾಸ್ಟ್ರೆ," ಎಂದಳು ಗುಣವತಿಯಕ್ಕ. "ಈಗ ಬೇಡ ಅಂದರು."

"ನನಗೂ ನೋಡಲಿಕ್ಕೆ ಬಿಡಲಿಲ್ಲ," ಎಂದಳು ಪ್ರಫುಲ್ಲಾ.

ಬಾನೆಟ್ಟಿನ ಉಪಾಯ ತನ್ನದಾದ್ದರಿಂದ ಭೋಜ ಚಕ್ಕುಲಿ ಮುರಿದು ಬಾಯಿಗೆ ಹಾಕಿಕೊಂಡ.

ಎಲ್ಲರೂ ಕಜೆಟನನನ್ನು ನೋಡಿದರು. ಬೆಳಿಗ್ಗೆ ಬಸ್ಸಿನಲ್ಲಿ ನೋಡಿದ್ದೂ ಹೀಗೆಯೇ. ಆಗ ಅವನ ಅಂಗೈಗೆ ಓಮವಾದರೂ ಸಿಕ್ಕಿತ್ತು.

ಮಾಸ್ಟ್ರು ಸದಸ್ಯರ ಪಟ್ಟಿಯ ಪುಟ ತೆರೆದು, ಎಲ್ಲಕ್ಕಿಂತ ಮೇಲಿದ್ದ ತಮ್ಮ ಹೆಸರನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದರು. "ಪುಸ್ತಕ ಮುಚ್ಚುವುದು ಬೇಡ.  ಇನ್ನು ಮುಂದೆ ಗುಣವತಿಯವರೇ ಕಾರ್ಯದರ್ಶಿ, ಇದು ಅವರ ಕೈಯಲ್ಲಿರಲಿ. ನಾನು ಹೊಸಬರ ಜೊತೆ ಸೇರ್ತೇನೆ, ಮೊದಲಿನಿಂದ ಕಲಿಯಬೇಕು." ಪಟ್ಟಿಯ ಕೆಳಗೆ ತಮ್ಮ ಹೆಸರು ಬರೆದರು. ಆಮೇಲೆ ತಲೆ ಎತ್ತಿ, ಕೋಪವಿಲ್ಲದೆ, ಹೆಚ್ಚು ಕಡಿಮೆ ಪ್ರೀತಿಯಿಂದಲೇ ಹೇಳಿದರು: "ಮುಚ್ಚಿಡುವ ಕೆಲಸ ನಾನು ಹದಿನೆಂಟು ವರ್ಷ ಮಾಡಿದ್ದೇನೆ ಕಜೆಟನ್. ಅದರಿಂದ ಒಬ್ಬನಿಗೂ ಒಳ್ಳೆಯದಾಗಲಿಲ್ಲ. ನೀನೂ ನನ್ನ ಕೆಳಗೆ ಬರೆ."

ಕಜೆಟನ್ ಬರೆದ. ಬಳಗ ಉಳಿಯಿತು, ಹೊಸಬರು ಮೂವರಲ್ಲ ಐವರಾದರು. ಅವನು ಬೇಡಿಕೊಂಡದ್ದೆಲ್ಲ ಸಿಕ್ಕಿತ್ತು, ತನ್ನ ಜಾಗ ಒಂದು ಬಿಟ್ಟು. ಹೆಸರಿನ ಮುಂದೆ ಕಾರ್ಯದರ್ಶಿ ಎಂದು ಬರೆಯಲು ಅಭ್ಯಾಸಬಲದಿಂದ ಪೆನ್ನು ಹೋಯಿತು, ಅವನು ಅದನ್ನು ಎಳೆದುಕೊಂಡ. ಅವನಿಗೆ ಅಳು ಬಂದಿತ್ತು, ಅದನ್ನು ಬೇರೆ ಮಾತಿನಲ್ಲಿ ಹೇಳಿ ಪ್ರಯೋಜನವಿಲ್ಲ.

ಗುಣವತಿಯಕ್ಕ ಪುಸ್ತಕವನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಕಾರ್ಯದರ್ಶಿಯ ಮೊದಲ ಕೆಲಸ ಹೊಸಬರನ್ನು ಸ್ವಾಗತಿಸುವುದು ಎಂದು ಅವಳಿಗೆ ಗೊತ್ತಿತ್ತು. ಮೊದಲ ಪುಟ ತೆರೆದು, ಕಜೆಟನನ ಕಡೆ ತಿರುಗಿ ಓದಿದಳು. "ಹೊಸ ಸದಸ್ಯರು ಸಂಕೋಚಪಡಬಾರದು. ಯಾವ ಪ್ರಶ್ನೆಯೂ ಸಣ್ಣದಲ್ಲ. ಸುಮ್ಮನೆ ನೋಡಿ ಮುಂದೆ ಕಳುಹಿಸದೆ, ತಮ್ಮ ಕೈಯಿಂದ ಆದದ್ದನ್ನು ಬಳಗಕ್ಕಾಗಿ ಮಾಡಬೇಕು." ಓದಿ ಮುಗಿಸಿ ಡಬ್ಬಿಯನ್ನು ಅವನ ಕೈಗಿಟ್ಟಳು. ಬಿಂಬುಳಿಯ ಚೀಲವನ್ನೂ ಕೊಟ್ಟಳು. "ಸಂಕೋಚ ಬೇಡ ಪೊರ್ಬುಗಳೆ. ಕೆಳಗೆ ನಲ್ಲಿ ಉಂಟು. ನಾಳೆ ಇದು ಸಂತೆಕಟ್ಟೆಯವರ ಮನೆಗೆ ಹೋಗಬೇಕು, ಅವರನ್ನು ಪುನಃ ಕರೆಯುವ. ಈ ವಾಸನೆಯಲ್ಲಿ ಕಳಿಸಿದರೆ ನಮ್ಮ ಮರ್ಯಾದೆ ಎಂತ ಆಗ್ತದೆ?"

ಕಜೆಟನ್ ಡಬ್ಬಿ ಹಿಡಿದು ಮೆಟ್ಟಿಲ ತನಕ ಹೋದ. ಅಲ್ಲಿ ನಿಂತು ಡಬ್ಬಿಯೊಳಗೆ ನೋಡಿದ. ಗಂಧಕ ಅಂಚಿಗೆಲ್ಲ ಅಂಟಿತ್ತು. ಹೊಸ ಸದಸ್ಯನಾಗಿ ಅವನು ತನ್ನ ಮೊದಲ ಪ್ರಶ್ನೆ ಕೇಳಿದ, ವಿನಯದಿಂದಲೇ.

"ಗುಣವತಿಯಕ್ಕ, ಇದಕ್ಕೆ ಎಷ್ಟು ಬಿಂಬುಳಿ ಹಾಕಬೇಕು?"

ಗುಣವತಿಯಕ್ಕ ಆಗಲೇ ಪೆನ್ನಿನ ಮುಚ್ಚಳ ತೆಗೆದು ಏನೋ ಬರೆಯಲು ತೊಡಗಿದ್ದಳು. ತಲೆ ಎತ್ತಲಿಲ್ಲ.

"ಪುಟ ಹದಿನಾಲ್ಕರಲ್ಲಿ ಉಂಟು," ಎಂದಳು. "ಓದಿಕೊಳ್ಳಿ."